ಗೌರವಧನ ಎಂಬ ಪದದ ಸುತ್ತ

ಸಭೆ ಸಮಾರಂಭಗಳಿಗೆ ಭಾಷಣಕ್ಕೆ ಹೋಗುವವರಿಗೆಲ್ಲ ಚೆನ್ನಾಗಿ ಪರಿಚಯವಿರುವ ಒಂದು ಪದ ‘ಗೌರವಧನ’. ಕಾರ್ಯಕ್ರಮ ಮುಗಿದು ವಂದನಾರ್ಪಣೆಯಾದ ಮೇಲೆ ಸಂಘಟಕರು ಬದಿಗೆ ಕರೆದು ಬಿಳಿ ಕವರೊಂದನ್ನು ಕೈಗಿಡುತ್ತಾರೆ. ‘ಇದೆಲ್ಲ ಯಾಕೆ’ ಎನ್ನುತ್ತಲೇ ನಾವು ಅದನ್ನು ತೆಗೆದುಕೊಳ್ಳುತ್ತೇವೆ. ಅಲ್ಲೇ ತೆರೆದು ಎಣಿಸುವುದು ಮರ್ಯಾದೆಯಲ್ಲ. ಕಡಿಮೆಯಾಯಿತೆಂದು ಕೇಳುವುದಂತೂ ಸಾಧ್ಯವೇ ಇಲ್ಲ. ಈ ರೂಢಿಯಲ್ಲಿ ತಪ್ಪೇನೂ ಕಾಣುವುದಿಲ್ಲ. ಭಾಷಣಕ್ಕೆ ಹೋದವರ ಮನೆಯ ಒಲೆ ಉರಿಯುವುದು ಆ ಕವರಿನಿಂದಲ್ಲ. ಅವರಿಗೆ ನೌಕರಿಯೋ, ವ್ಯಾಪಾರವೋ, ಪಿಂಚಣಿಯೋ ಇರುತ್ತದೆ. ಹಣಕ್ಕಾಗಿ ಬಂದವರಲ್ಲ ಎಂಬುದನ್ನು ಎರಡೂ ಕಡೆಯವರು ಒಪ್ಪಿಕೊಂಡಿರುವುದರಿಂದಲೇ ಆ ಪದಕ್ಕೆ ಅರ್ಥವಿದೆ.

ಇದೇ ಪದವನ್ನು ನಮ್ಮ ಸರ್ಕಾರಗಳು ಐವತ್ತು ವರ್ಷಗಳಿಂದ ಇನ್ನೊಂದು ಕಡೆಯೂ ಬಳಸುತ್ತ ಬಂದಿವೆ. ವರ್ಷವಿಡೀ ಬೆಳಿಗ್ಗೆಯಿಂದ ಸಂಜೆಯವರೆಗೆ ಮಕ್ಕಳನ್ನು ನೋಡಿಕೊಳ್ಳುವ, ಕಲಿಸುವ, ಉಣಿಸುವ, ತೂಗುವ, ಲೆಕ್ಕ ಬರೆಯುವ ಅಂಗನವಾಡಿ ಕಾರ್ಯಕರ್ತೆಗೂ ಸಹಾಯಕಿಗೂ ಕೊಡುವ ಹಣದ ಹೆಸರೂ ಗೌರವಧನವೇ. ಅವರ ಸಂಬಳ ಏಕೆ ಇಷ್ಟು ಕಡಿಮೆ ಎಂಬ ಪ್ರಶ್ನೆಯನ್ನು ಬಜೆಟ್ ಪುಸ್ತಕದಲ್ಲಿ ಹುಡುಕುವ ಮೊದಲು ಈ ಪದದಲ್ಲಿ ಹುಡುಕುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಈಚೆಗೆ ದಕ್ಷಿಣ ಕನ್ನಡದ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಅರ್ಧ ದಿನ ಕಳೆಯುವ ಅವಕಾಶ ನಮಗೆ ಸಿಕ್ಕಿತ್ತು. ನಾವು ಹೋದಾಗ ಒಂಬತ್ತೂವರೆ. ಸಹಾಯಕಿ ಆಗಲೇ ಗುಡಿಸಿ, ನೀರು ತುಂಬಿ, ಎರಡು ಮನೆಗಳಿಂದ ಮಕ್ಕಳನ್ನು ಕೈಹಿಡಿದು ಕರೆತಂದಿದ್ದರು. ಹದಿನೆಂಟು ಮಕ್ಕಳಲ್ಲಿ ಒಂದು ಅಳುತ್ತಿತ್ತು, ಇನ್ನೊಂದು ಚಡ್ಡಿ ಒದ್ದೆ ಮಾಡಿಕೊಂಡಿತ್ತು. ಕೆಲವರ ಮನೆಮಾತು ತುಳು, ಕೆಲವರದು ಬ್ಯಾರಿ. ಟೀಚರು ಅವರವರ ಮಾತಿನಲ್ಲೇ ಸಮಾಧಾನ ಮಾಡುತ್ತ, ನಡುನಡುವೆ ಕನ್ನಡದ ಪದಗಳನ್ನು ಸೇರಿಸುತ್ತ ಬಂದರು. ಗಂಟೆಯೊಳಗೆ ಆ ಮಕ್ಕಳೆಲ್ಲ ಕನ್ನಡದಲ್ಲಿ ಬಣ್ಣಗಳ ಹೆಸರು ಹೇಳುತ್ತಿದ್ದವು. ಇದನ್ನು ಯಾವ ತರಬೇತಿ ಪುಸ್ತಕದಿಂದ ಕಲಿತಿರೆಂದು ಕೇಳಿದರೆ ಆಕೆ ನಕ್ಕರು. ಇಪ್ಪತ್ತೆರಡು ವರ್ಷಗಳ ಅನುಭವ ಅದು.

ಅಷ್ಟರಲ್ಲಿ ಗರ್ಭಿಣಿಯೊಬ್ಬರು ಬಂದರು, ಅವರ ತಾಯಿ ಕಾರ್ಡು ನೋಡಬೇಕಾಯಿತು. ಮಗುವೊಂದರ ತೂಕ ಕಳೆದ ತಿಂಗಳಿಗಿಂತ ಇಳಿದಿತ್ತು, ಅಜ್ಜಿಯನ್ನು ಕೂರಿಸಿ ವಿಚಾರಿಸಬೇಕಾಯಿತು. ಊಟದ ಹೊತ್ತಿಗೆ ಮೊಬೈಲಿನಲ್ಲಿ ಹಾಜರಿ ತುಂಬಬೇಕಿತ್ತು, ನೆಟ್‌ವರ್ಕ್ ಇರಲಿಲ್ಲ. ಆಕೆ ಅಂಗಳದ ಮೂಲೆಯ ಹಲಸಿನ ಮರದ ಕೆಳಗೆ ನಿಂತು ಫೋನನ್ನು ಮೇಲೆತ್ತಿ ಹಿಡಿದಿದ್ದರು. 2021ರಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಬಂದ ಮೇಲೆ ಇದು ದಿನನಿತ್ಯದ ಕೆಲಸ. 2025ರಿಂದ ಮನೆಗೆ ಒಯ್ಯುವ ಆಹಾರ ಕೊಡುವಾಗ ತಾಯಂದಿರ ಮುಖ ಗುರುತಿಸುವ ಕೆಲಸವೂ ಸೇರಿದೆ. ಹೊರಡುವಾಗ ಸಂಬಳದ ವಿಷಯ ಕೇಳಿದೆವು. ‘ಊರಲ್ಲಿ ಎಲ್ಲರೂ ನಮಗೆ ಟೀಚರ್ ಅಂತ ಹೇಳ್ತಾರೆ. ಸಂಬಳ ಬರುವಾಗ ಮಾತ್ರ ನಾವು ಟೀಚರ್ ಅಲ್ಲ’ ಎಂದರು. ದೂರುವ ದನಿಯೇನೂ ಇರಲಿಲ್ಲ. ಹವಾಮಾನದ ಬಗ್ಗೆ ಮಾತಾಡುವಂತೆ ಹೇಳಿದರು.

ಈ ‘ಟೀಚರ್ ಅಲ್ಲದ ಟೀಚರ್’ ಹೇಗೆ ಹುಟ್ಟಿದರು? ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆಗಳಲ್ಲಿ. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಎಂದು ಆರು ಸೇವೆಗಳು. ಇವೆಲ್ಲವನ್ನೂ ನಡೆಸುವ ಹೆಣ್ಣುಮಗಳನ್ನು ಯೋಜನೆ ನೌಕರಳೆಂದು ಕರೆಯಲಿಲ್ಲ. ಊರಿನವಳೇ ಆದ, ಬಿಡುವಿನ ವೇಳೆಯಲ್ಲಿ ಸೇವೆ ಮಾಡಲು ತಾನಾಗಿ ಮುಂದೆ ಬಂದ ‘ಗೌರವ ಕಾರ್ಯಕರ್ತೆ’ ಎಂದು ಕರೆಯಿತು. ಮೆಟ್ರಿಕ್ ಮುಗಿಸಿದ್ದರೆ ತಿಂಗಳಿಗೆ 150 ರೂಪಾಯಿ, ಇಲ್ಲದಿದ್ದರೆ 100. ಸಹಾಯಕಿಗೆ 35.

ಮುಂದಿನ ಲೆಕ್ಕವನ್ನೂ ನೋಡೋಣ. ಮೆಟ್ರಿಕ್ ಆದ ಕಾರ್ಯಕರ್ತೆಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಮೊತ್ತ 1992ರಲ್ಲಿ 400 ರೂಪಾಯಿ, 1997ರಲ್ಲಿ 500, 2002ರಲ್ಲಿ 1,000, 2008ರಲ್ಲಿ 1,500, 2011ರಲ್ಲಿ 3,000. 2018ರ ಅಕ್ಟೋಬರ್‌ನಿಂದ 4,500 ಆಯಿತು. ಸಹಾಯಕಿಗೆ 2,250. ಇದಕ್ಕೆ ಏಳು ವರ್ಷ ತುಂಬಿದ 2025ರ ಅಕ್ಟೋಬರ್‌ನಲ್ಲೂ ಆ 4,500 ಅಲ್ಲೇ ನಿಂತಿತ್ತು. ಅದರಲ್ಲೂ ಕೇಂದ್ರ ಭರಿಸುವುದು ನೂರಕ್ಕೆ ಅರುವತ್ತು, ಅಂದರೆ 2,700 ರೂಪಾಯಿ. ಉಳಿದದ್ದು ರಾಜ್ಯದ ಪಾಲು. ಅದರ ಮೇಲೆ ರಾಜ್ಯಗಳು ತಮ್ಮ ಶಕ್ತಿಯಿದ್ದಷ್ಟು, ಮನಸ್ಸಿದ್ದಷ್ಟು ಸೇರಿಸುತ್ತವೆ. ಕರ್ನಾಟಕದಲ್ಲಿ ಎಲ್ಲ ಸೇರಿ 2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಕಾರ್ಯಕರ್ತೆಗೆ ಸುಮಾರು 11,500 ರೂಪಾಯಿ ಆಗಿತ್ತು. ಅದನ್ನು 15,000ಕ್ಕೆ ಏರಿಸುತ್ತೇವೆಂದು ಕಾಂಗ್ರೆಸ್ ಪ್ರಚಾರದಲ್ಲಿ ಭರವಸೆ ಕೊಟ್ಟಿತು. ಅಧಿಕಾರಕ್ಕೆ ಬಂದು 2025ರ ಮಾರ್ಚ್‌ನಲ್ಲಿ ಮಂಡಿಸಿದ ಬಜೆಟ್‌ನಲ್ಲಿ ಕಾರ್ಯಕರ್ತೆಗೆ ಸಾವಿರ, ಸಹಾಯಕಿಗೆ 750 ರೂಪಾಯಿ ಹೆಚ್ಚಿಸಿತು.

ಈ ಅಂಕಿಗಳಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಸರ್ಕಾರಿ ನೌಕರನಿಗೆ ಬೆಲೆಯೇರಿಕೆಗೆ ತಕ್ಕಂತೆ ತುಟ್ಟಿಭತ್ಯೆ ಇದೆ, ವರ್ಷಕ್ಕೊಮ್ಮೆ ಬಡ್ತಿ ವೇತನವಿದೆ, ವೇತನ ಆಯೋಗವಿದೆ. ಮನೆಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸಿಗೂ ಸಾವಿರ ಬೀಡಿಗೆ ಇಷ್ಟೆಂಬ ಕನಿಷ್ಠ ಕೂಲಿಯ ದರವಿದೆ. ಆ ದರ ಸಿಗದಿದ್ದರೆ ಕಾನೂನಿನ ಹೆಸರು ಹೇಳಿ ಜಗಳವಾಡಬಹುದು. ಗೌರವಕ್ಕೆ ದರವೆಲ್ಲಿಂದ ಬರಬೇಕು? ಅದು ಕೊಡುವವರ ಔದಾರ್ಯ. ಕೊಟ್ಟಾಗ ಕೊಟ್ಟಷ್ಟು. ಕಡಿಮೆಯಾಯಿತೆನ್ನುವವಳು ಕವರನ್ನು ಅಲ್ಲೇ ತೆರೆದು ಎಣಿಸಿದ ಅತಿಥಿಯಂತೆ ಅಮರ್ಯಾದಸ್ಥಳಾಗಿ ಕಾಣುತ್ತಾಳೆ. ಬೇಡಿಕೆಯನ್ನು ಬೇಡುವಿಕೆಯಾಗಿ ಮಾಡುವ ಶಕ್ತಿ ಈ ಪದಕ್ಕಿದೆ.

ಪದದ ಈ ಶಕ್ತಿ ನ್ಯಾಯಾಲಯದವರೆಗೂ ಹೋಗಿದೆ, ಮತ್ತು ಆ ಕತೆ ನಮ್ಮ ರಾಜ್ಯದ್ದೇ. ‘ಕರ್ನಾಟಕ ಸರ್ಕಾರ ವಿರುದ್ಧ ಅಮೀರ್‌ಬಿ’ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. ಅಂಗನವಾಡಿ ಕಾರ್ಯಕರ್ತೆಯರದು ಕಾನೂನಿನಂತೆ ಸೃಷ್ಟಿಯಾದ ಹುದ್ದೆಯಲ್ಲ, ಅವರು ಯೋಜನೆಯೊಂದರ ಅಡಿ ದುಡಿಯುವವರು, ಸರ್ಕಾರಿ ಹುದ್ದೆಯಲ್ಲಿರುವವರಿಗೆ ಸಿಗುವ ರಕ್ಷಣೆ ಅವರಿಗೆ ಸಿಗದು ಎಂಬುದು ಅದರ ಸಾರ. ಅವರು ರಾಜ್ಯದ ಯಾವ ಕಾರ್ಯವನ್ನೂ ನಿರ್ವಹಿಸುತ್ತಿಲ್ಲ ಎಂದೂ ಅಲ್ಲಿ ಹೇಳಲಾಯಿತು. ಮುಂದೆ ದೇಶದ ಯಾವ ಮೂಲೆಯಲ್ಲಿ ಅಂಗನವಾಡಿಯ ಹೆಣ್ಣುಮಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರೂ ಸರ್ಕಾರದ ಪರ ವಕೀಲರು ತೆರೆದದ್ದು ಈ ತೀರ್ಪನ್ನೇ. ಲಸಿಕೆ, ಊಟ, ಪಾಠ, ಜೊತೆಗೆ ಮತದಾರರ ಪಟ್ಟಿಯ ಕೆಲಸವನ್ನೂ ಮಾಡುವವರು ರಾಜ್ಯದ ಕಾರ್ಯ ಮಾಡುತ್ತಿಲ್ಲವಾದರೆ ಬೇರೆ ಯಾರು ಮಾಡುತ್ತಿದ್ದಾರೆಂದು ಸಾಮಾನ್ಯ ಬುದ್ಧಿ ಕೇಳಬಹುದು. ಕಾನೂನಿನ ಬುದ್ಧಿಗೆ ಆ ಪ್ರಶ್ನೆ ಹೊಳೆಯಲು ಹದಿನೈದು ವರ್ಷಕ್ಕೂ ಹೆಚ್ಚು ಬೇಕಾಯಿತು.

2022ರ ಏಪ್ರಿಲ್ 25ರಂದು ಗುಜರಾತಿನ ದಾಹೋದ್ ಜಿಲ್ಲೆಯ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಎಸ್. ಓಕಾ ಅವರ ಪೀಠ ಬೇರೆ ದಾರಿ ಹಿಡಿಯಿತು. ಇದು ಅರೆಕಾಲಿಕ ಸೇವೆ ಎಂಬ ಸರ್ಕಾರದ ವಾದವನ್ನು ಒಪ್ಪಲಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಅಂಗನವಾಡಿಗಳು ಕಾನೂನುಬದ್ಧ ಕರ್ತವ್ಯವನ್ನೇ ನಿರ್ವಹಿಸುತ್ತಿವೆ ಎಂದಿತು. ಗೌರವಧನವೆಂದು ಕರೆದರೂ ಅದು ದುಡಿಮೆಗೆ ಕೊಡುವ ವೇತನವೇ, ಆದ್ದರಿಂದ 1972ರ ಗ್ರಾಚ್ಯುಟಿ ಕಾಯ್ದೆ ಕಾರ್ಯಕರ್ತೆಗೂ ಸಹಾಯಕಿಗೂ ಅನ್ವಯಿಸುತ್ತದೆ ಎಂದು ತೀರ್ಮಾನಿಸಿತು. ನಾವು ಈ ಬರಹದುದ್ದಕ್ಕೂ ಹೇಳಲು ಹೊರಟದ್ದನ್ನು ನ್ಯಾಯಾಲಯ ಆಗಲೇ ಹೇಳಿದೆ. ಆದರೂ ಗ್ರಾಚ್ಯುಟಿಗಾಗಿ ಕರ್ನಾಟಕದ ಹೆಣ್ಣುಮಕ್ಕಳು 2023ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕೂರಬೇಕಾಯಿತು. ತಮ್ಮನ್ನು ಶಿಕ್ಷಕಿಯರೆಂದು ಪರಿಗಣಿಸಬೇಕೆಂಬುದೂ ಅಂದಿನ ಬೇಡಿಕೆಗಳಲ್ಲಿತ್ತು. 2025ರ ಆಗಸ್ಟ್‌ನಲ್ಲಿ ಗುಜರಾತ್ ಹೈಕೋರ್ಟು ಆ ರಾಜ್ಯದ ಕಾರ್ಯಕರ್ತೆಗೆ ತಿಂಗಳಿಗೆ ಕನಿಷ್ಠ 24,800, ಸಹಾಯಕಿಗೆ 20,300 ರೂಪಾಯಿ ಕೊಡಬೇಕೆಂದು ಹೇಳಿದ್ದು ಇದರ ಮುಂದಿನ ಹೆಜ್ಜೆ.

ಕಾನೂನಿನಲ್ಲಿ ಇನ್ನೂ ಆಳದ ಒಂದು ತೊಡಕಿದೆ. ಸಂವಿಧಾನದ 45ನೇ ವಿಧಿ ಮೊದಲು ಹದಿನಾಲ್ಕು ವರ್ಷದೊಳಗಿನ ಎಲ್ಲ ಮಕ್ಕಳ ಶಿಕ್ಷಣದ ಬಗ್ಗೆ ಮಾತಾಡುತ್ತಿತ್ತು. ಹುಟ್ಟಿದ ಮಗುವೂ ಅದರಲ್ಲಿ ಸೇರಿತ್ತು. 2002ರ 86ನೇ ತಿದ್ದುಪಡಿ ಮಕ್ಕಳನ್ನು ಎರಡು ಭಾಗ ಮಾಡಿತು. ಆರರಿಂದ ಹದಿನಾಲ್ಕರವರೆಗಿನವರಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು. ಆರರ ಕೆಳಗಿನವರ ವಿಷಯದಲ್ಲಿ ರಾಜ್ಯವು ‘ಪ್ರಯತ್ನಿಸತಕ್ಕದ್ದು’ ಎಂಬಲ್ಲಿಗೆ ಮಾತು ನಿಂತಿತು. ಹಕ್ಕಿರುವ ಮಗುವಿಗೆ ಕಲಿಸುವವರು ಶಿಕ್ಷಕರು, ಅವರಿಗೆ ವೇತನ ಶ್ರೇಣಿ. ಪ್ರಯತ್ನದ ಪಾಲಿಗೆ ಬಿದ್ದ ಮಗುವಿಗೆ ಕಲಿಸುವವಳು ಕಾರ್ಯಕರ್ತೆ, ಅವಳಿಗೆ ಗೌರವಧನ. ಕೆಲವೆಡೆ ಒಂದೇ ಕಾಂಪೌಂಡಿನೊಳಗೆ ಶಾಲೆಯೂ ಅಂಗನವಾಡಿಯೂ ಇವೆ. ಮಗು ಒಂದು ಜೂನ್ ತಿಂಗಳಲ್ಲಿ ಈ ಕೋಣೆಯಿಂದ ಆ ಕೋಣೆಗೆ ಹೋಗುತ್ತದೆ. ಕಲಿಸುವವರ ಸಂಬಳ ಆ ಇಪ್ಪತ್ತು ಹೆಜ್ಜೆಗಳಲ್ಲಿ ಹಲವು ಪಟ್ಟು ಏರುತ್ತದೆ. ಮಗುವಿಗೆ ಮಾತ್ರ ಈ ವ್ಯತ್ಯಾಸ ಗೊತ್ತಿರುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಬುನಾದಿ ಹಂತವೆಂದು ಕರೆಯಿತು. ಅಂಗನವಾಡಿಯವರಿಗೆ ಆರು ತಿಂಗಳ ಅಥವಾ ಒಂದು ವರ್ಷದ ತರಬೇತಿಯನ್ನೂ ಸೂಚಿಸಿತು. ಕಲಿಕೆಗೆ ಸೇತುವೆ ಕಟ್ಟಿದ ನೀತಿ ಸಂಬಳದ ಕಂದಕವನ್ನು ಹಾಗೆಯೇ ಬಿಟ್ಟಿತು.

ಇಷ್ಟಾದರೂ ಸಮಾಜ ಈ ಅನ್ಯಾಯವನ್ನು ಸಹಿಸಿಕೊಂಡು ಬಂದಿದೆಯೇಕೆ? ಸರ್ಕಾರವನ್ನಷ್ಟೇ ದೂರಿ ಮುಗಿಸಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮಹಿಳಾ ದಿನಾಚರಣೆಗೆ ನಾವು ಅಂಗನವಾಡಿ ಟೀಚರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ, ಫಲಕ ಕೊಡುತ್ತೇವೆ. ‘ಇವರು ಮಕ್ಕಳಿಗೆ ಎರಡನೇ ತಾಯಿ’ ಎಂದು ಭಾಷಣ ಮಾಡುತ್ತೇವೆ. ನಮ್ಮಂಥ ಬರೆಯುವವರೂ ಅವರ ಬಗ್ಗೆ ಬರೆಯುವಾಗ ‘ಮಮತೆ’, ‘ತ್ಯಾಗ’, ‘ನಿಸ್ವಾರ್ಥ’ ಎಂಬ ಪದಗಳನ್ನು ಹುಡುಕದೆಯೇ ಬರೆದುಬಿಡುತ್ತೇವೆ. ಅವೆಲ್ಲ ನಿಜವೇ ಇರಬಹುದು. ಆದರೆ ತಾಯಿಗೆ ಯಾರಾದರೂ ಸಂಬಳ ಕೊಡುತ್ತಾರೆಯೇ? ತಾಯಿ ಎಂದ ಕೂಡಲೇ ದುಡಿಮೆಯು ಸ್ವಭಾವವಾಗಿಬಿಡುತ್ತದೆ, ಕಲಿತ ಕೌಶಲ್ಯವು ಹೆಣ್ಣಿಗೆ ಹುಟ್ಟಿನಿಂದ ಬಂದ ಗುಣವಾಗಿಬಿಡುತ್ತದೆ. ಬೇರೆ ಬೇರೆ ಮನೆಮಾತಿನ ಮಕ್ಕಳನ್ನು ಒಂದು ತರಗತಿಯಾಗಿ ಮಾಡಿದ ಆ ಟೀಚರಿನ ಇಪ್ಪತ್ತೆರಡು ವರ್ಷಗಳ ವಿದ್ಯೆ ‘ಹೆಂಗಸರಿಗೆ ಮಕ್ಕಳೆಂದರೆ ಪ್ರೀತಿ’ ಎಂಬ ಒಂದು ಮಾತಿನಲ್ಲಿ ಕರಗಿಹೋಗುತ್ತದೆ. ಇಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕನಿಗೆ ನಾವು ‘ನೀವು ವಿದ್ಯಾರ್ಥಿಗಳ ಎರಡನೇ ತಂದೆ’ ಎಂದು ಹೇಳಿ ಸಂಬಳದ ಮಾತು ಮರೆಸುವುದಿಲ್ಲ.

ಇನ್ನು ಆಕ್ಷೇಪಗಳು. ಮೊದಲನೆಯದು ಹಣದ್ದು. ಕರ್ನಾಟಕದಲ್ಲಿರುವುದು ಸುಮಾರು 66 ಸಾವಿರ ಅಂಗನವಾಡಿಗಳು. ಕೇಂದ್ರಕ್ಕೊಬ್ಬರಂತೆ ಕಾರ್ಯಕರ್ತೆಯರಿಗೆ ತಿಂಗಳಿಗೆ ಒಂದು ಸಾವಿರ ಹೆಚ್ಚಿಸಿದರೆ ವರ್ಷಕ್ಕೆ ತಗಲುವುದು ಸುಮಾರು 79 ಕೋಟಿ ರೂಪಾಯಿ. ಹತ್ತು ಸಾವಿರ ಹೆಚ್ಚಿಸಿದರೆ ಸುಮಾರು 790 ಕೋಟಿ. ಸಹಾಯಕಿಯರಿಗೂ ಅಷ್ಟೇ ಹೆಚ್ಚಿಸಿದರೆ ಸರಿಸುಮಾರು ಇದರ ಎರಡು ಪಟ್ಟು. ಇದು ಸಣ್ಣ ಮೊತ್ತವಲ್ಲ. ಆದರೆ ಇದೇ ರಾಜ್ಯ ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿಗೆ 2025-26ರ ಬಜೆಟ್‌ನಲ್ಲಿ 28 ಸಾವಿರ ಕೋಟಿಗೂ ಹೆಚ್ಚು ತೆಗೆದಿರಿಸಿತ್ತು. ಅದನ್ನು ಕಿತ್ತು ಇವರಿಗೆ ಕೊಡಿ ಎಂಬ ವಾದ ನಮ್ಮದಲ್ಲ. ಬಡ ಹೆಂಗಸರ ಕೈಗೆ ಸೇರುವ ಆ ಹಣದ ಬೆಲೆ ನಮಗೆ ಗೊತ್ತು. ಹೆಣ್ಣಿನ ಕೈಗೆ ಹಣ ಸೇರಬೇಕೆಂದು ರಾಜಕೀಯ ಮನಸ್ಸು ಮಾಡಿದಾಗ ದಾರಿ ತೆರೆದುಕೊಳ್ಳುತ್ತದೆ ಎಂಬುದಷ್ಟೇ ನಮ್ಮ ಮಾತು. 2,700 ರೂಪಾಯಿ ಕೊಟ್ಟು ಕೈತೊಳೆದುಕೊಂಡ ಕೇಂದ್ರವೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳುವಂತಿಲ್ಲ. ಅಂಗನವಾಡಿ ಕೇಂದ್ರದ ಯೋಜನೆ, ಫಲಕದ ಮೇಲೆ ಹೆಸರೂ ಅದರದೇ.

ಎರಡನೆಯ ಆಕ್ಷೇಪ ಗುಣಮಟ್ಟದ್ದು. ‘ಅಂಗನವಾಡಿಯಲ್ಲಿ ಪಾಠವೆಲ್ಲಿ ನಡೆಯುತ್ತದೆ, ಉಪ್ಪಿಟ್ಟು ತಿಂದು ಬರುತ್ತವೆ’ ಎನ್ನುವವರು ಬಹಳ. ಇದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಬೀಗ ಹಾಕಿದ ಕೇಂದ್ರಗಳನ್ನೂ, ಕಾಗದದ ಮೇಲಷ್ಟೇ ಇರುವ ಮಕ್ಕಳನ್ನೂ ಕಂಡವರಿದ್ದಾರೆ. ಆದರೆ ಒಬ್ಬಳೇ ಹೆಣ್ಣುಮಗಳಿಗೆ ನರ್ಸು, ಗುಮಾಸ್ತೆ, ಗಣತಿದಾರಳ ಕೆಲಸವನ್ನೆಲ್ಲ ಹೊರಿಸಿ, ಉಳಿದ ಹೊತ್ತಿನಲ್ಲಿ ಪಾಠ ಮಾಡೆಂದರೆ ಮೊದಲು ಸಾಯುವುದು ಪಾಠವೇ. 2024ರಲ್ಲಿ ಸರ್ಕಾರ ಬೆಂಗಳೂರಿನ 250 ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ ಎಂದು ಕರೆದು ಎಲ್.ಕೆ.ಜಿ., ಯು.ಕೆ.ಜಿ. ಆರಂಭಿಸಿತು. ಖಾಸಗಿ ನರ್ಸರಿಗಳತ್ತ ಓಡುವ ಪಾಲಕರನ್ನು ಹಿಡಿದಿಡುವ ಯೋಚನೆ ಸರಿಯಾದದ್ದೇ. ಕೇಂದ್ರದ ಹೆಸರು ಬದಲಾಗುವಾಗ ಕಲಿಸುವವಳ ಹಣದ ಹೆಸರೂ ಬದಲಾಗಬೇಕಿತ್ತು.

ಕೊನೆಯದಾಗಿ ನಮ್ಮ ಸಮುದಾಯದ ಕಡೆಗೂ ಒಂದು ನೋಟ. 2024ರ ಸೆಪ್ಟೆಂಬರ್‌ನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಅಂಗನವಾಡಿ ನೇಮಕಕ್ಕೆ ಉರ್ದು ತಿಳಿದಿರಬೇಕೆಂಬ ಷರತ್ತು ದೊಡ್ಡ ವಿವಾದವಾಯಿತು. ಟಿ.ವಿ.ಯಲ್ಲಿ ದಿನಗಟ್ಟಲೆ ಚರ್ಚೆ. ಕನ್ನಡಕ್ಕೆ ಅಪಚಾರವೆಂದು ಒಂದು ಕಡೆ, ಮಗುವಿನ ಮನೆಮಾತಿನ ಹಕ್ಕೆಂದು ಇನ್ನೊಂದು ಕಡೆ. ಮಗುವಿಗೆ ತಿಳಿಯುವ ಮಾತಿನಿಂದ ಆರಂಭಿಸಿ ಕನ್ನಡಕ್ಕೆ ಕರೆದೊಯ್ಯುವುದು ಒಳ್ಳೆಯ ಟೀಚರು ದಿನವೂ ಸದ್ದಿಲ್ಲದೆ ಮಾಡುವ ಕೆಲಸವೆಂಬುದನ್ನು ಆ ಹಳ್ಳಿಯಲ್ಲಿ ನಾವೇ ಕಂಡಿದ್ದೆವು. ನಮ್ಮನ್ನು ಕಾಡಿದ್ದು ಬೇರೆಯದು. ಆ ಹುದ್ದೆಗೆ ಬರುವವಳು ಯಾವ ಭಾಷೆಯವಳಿರಬೇಕೆಂದು ಅಷ್ಟು ಜೋರಾಗಿ ಕಿರುಚಾಡಿದವರಲ್ಲಿ ಅವಳಿಗೆ ತಿಂಗಳ ಕೊನೆಗೆ ಎಷ್ಟು ಸಿಗುತ್ತದೆಂದು ಕೇಳಿದವರು ನಮ್ಮ ಕಣ್ಣಿಗೆ ಬೀಳಲಿಲ್ಲ. ನಮ್ಮ ಕಡೆಯವರೂ ಕೇಳಲಿಲ್ಲ.

ಕೇಳದಿರಲು ಕಾರಣವಿದೆ. ನಮ್ಮ ಜಮಾಅತ್‌ಗಳು, ಟ್ರಸ್ಟುಗಳು, ಆಡಳಿತ ಮಂಡಳಿಗಳು ನಡೆಸುವ ನರ್ಸರಿಗಳಲ್ಲಿ ಪುಟ್ಟ ಮಕ್ಕಳಿಗೆ ಕಲಿಸುವ ಹೆಣ್ಣುಮಕ್ಕಳಿಗೆ ನಾವು ಕೊಡುವುದೆಷ್ಟು? ಪದವಿ ಓದಿದ ಹುಡುಗಿ, ಮದುವೆಯಾಗುವವರೆಗೆ ಮನೆಯಲ್ಲಿ ಸುಮ್ಮನೆ ಕೂರುವ ಬದಲು ಬರುತ್ತಾಳೆ ಎಂಬ ಲೆಕ್ಕಾಚಾರ ಎಷ್ಟು ಕಡೆಗಳಲ್ಲಿಲ್ಲ? ರಜೆಯ ತಿಂಗಳು ಸಂಬಳವಿಲ್ಲ, ಹೆರಿಗೆಗೆ ಹೋದವಳಿಗೆ ಮರಳಿ ಜಾಗವಿಲ್ಲ. ಹೆಚ್ಚು ಕೇಳಿದರೆ ‘ಇದು ಕೌಮಿನ ಖಿದ್ಮತ್ ಅಲ್ಲವೇ ತಂಗಿ’ ಎಂಬ ಸೌಮ್ಯ ಉತ್ತರ. ಸರ್ಕಾರದ ಗೌರವಧನಕ್ಕೂ ನಮ್ಮ ಖಿದ್ಮತ್‌ಗೂ ಏನು ವ್ಯತ್ಯಾಸ? ಕಟ್ಟಡಕ್ಕೆ ಟೈಲ್ಸ್ ಹಾಕಲು ಚಂದಾ ಎತ್ತುವ ನಾವು ಟೀಚರಿನ ಸಂಬಳಕ್ಕೆಂದು ಚಂದಾ ಎತ್ತಿದ್ದುಂಟೇ? ಟೈಲ್ಸ್ ಹಾಕಿದವನಿಗೆ ಚದರಡಿಗೆ ಇಷ್ಟೆಂದು ಚೌಕಾಶಿ ಮಾಡಿಯಾದರೂ ಎಣಿಸಿ ಕೊಡುತ್ತೇವೆ. ಅವನಿಗೆ ಯಾರೂ ಖಿದ್ಮತ್ ನೆನಪಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು? 2013ರಲ್ಲಿ ನಡೆದ 45ನೇ ಭಾರತೀಯ ಕಾರ್ಮಿಕ ಸಮ್ಮೇಳನವೇ ದಾರಿ ತೋರಿಸಿತ್ತು. ಯೋಜನೆಗಳಡಿ ದುಡಿಯುವವರನ್ನು ಕಾರ್ಮಿಕರೆಂದು ಗುರುತಿಸಿ, ಕನಿಷ್ಠ ವೇತನ ಮತ್ತು ಸಾಮಾಜಿಕ ಭದ್ರತೆ ಕೊಡಬೇಕೆಂದು ಅಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಕೂಡಿ ಶಿಫಾರಸು ಮಾಡಿದ್ದವು. ಅದನ್ನು ಜಾರಿ ಮಾಡಿದರೆ ಹೊಸ ಸಮಿತಿ ಬೇಕಿಲ್ಲ. ಕೇಂದ್ರ ತನ್ನ ಪಾಲನ್ನು ಬೆಲೆಯೇರಿಕೆಗೆ ಜೋಡಿಸಬೇಕು. ಅನುಭವಕ್ಕೂ ತರಬೇತಿಗೂ ತಕ್ಕ ಶ್ರೇಣಿ ಇರಬೇಕು. ಪಾಠದ ಸಮಯದಲ್ಲಿ ಬೇರೆ ಇಲಾಖೆಗಳ ಕೆಲಸ ಹೇರಬಾರದು. ಸಮುದಾಯದ ಸಂಸ್ಥೆಗಳು ತಮ್ಮ ನರ್ಸರಿ ಟೀಚರಿಗೆ ಹನ್ನೆರಡು ತಿಂಗಳ ಸಂಬಳ, ಹೆರಿಗೆ ರಜೆ, ಭವಿಷ್ಯ ನಿಧಿ ಕೊಡುವುದರಿಂದ ಆರಂಭಿಸಬಹುದು. ಇದಕ್ಕೆ ಯಾವ ಸರ್ಕಾರದ ಆದೇಶಕ್ಕೂ ಕಾಯಬೇಕಾಗಿಲ್ಲ.

ಎಲ್ಲಕ್ಕಿಂತ ಮೊದಲು ಗೌರವಧನ ಎಂಬ ಪದವನ್ನು ಕಡತದಿಂದಲೂ ನಮ್ಮ ಬಾಯಿಂದಲೂ ತೆಗೆದು, ಅಲ್ಲಿ ವೇತನ ಎಂದು ಬರೆಯಬೇಕು. ಪದ ಬದಲಾದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲವೆಂಬುದು ನಿಜ. ಆದರೆ ವೇತನವೆಂದು ಒಪ್ಪಿದ ದಿನ, ಅದು ಎಷ್ಟಿರಬೇಕು, ಎಂದು ಬರಬೇಕು, ಬರದಿದ್ದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗಳೆಲ್ಲ ನ್ಯಾಯವಾದವುಗಳಾಗುತ್ತವೆ. ಹಲಸಿನ ಮರದ ಕೆಳಗೆ ಫೋನೆತ್ತಿ ನಿಂತ ಆ ಹೆಣ್ಣುಮಗಳು ನಿವೃತ್ತಳಾಗಲು ಇನ್ನು ಕೆಲವೇ ವರ್ಷಗಳಿವೆ. ಆಕೆಯ ಕೈಯಲ್ಲಿ ಬಣ್ಣಗಳ ಹೆಸರು ಕಲಿತವರಲ್ಲಿ ಒಬ್ಬ ಈಗ ಅದೇ ಊರಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ತಿಂಗಳ ಮೊದಲ ವಾರ ಅವನ ಖಾತೆಗೆ ವೇತನ ಜಮೆಯಾಗುತ್ತದೆ. ಅವನಿಗೆ ಮೊದಲು ಕಲಿಸಿದವಳಿಗೆ ಇನ್ನೂ ಗೌರವಧನ.